ಪಕ್ಕದ ಲೋಕವೂ ಯಾರದೋ ಮನೆ

ಕಾಮಿಕ್ಸ್ ಕಟ್ಟೆ: ಓದುಗರ ಪ್ರಶ್ನೆ, ಅಂಗಡಿ ಆಂಟಿಯ ಉತ್ತರ

ಹೋದ ತಿಂಗಳು ಇದೇ ಪುಟದಲ್ಲಿ ಒಂದು ಸಾಲು ಬರೆದಿದ್ದೆ: ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಲೋಕಗಳು ಜಾಸ್ತಿಯಾದಷ್ಟೂ ಕಥೆ ನೀರುಮಜ್ಜಿಗೆ ಆಗುತ್ತದೆ ಅಂತ. ಲೋಕಗಳು ಅಂದರೆ ಮಲ್ಟಿವರ್ಸ್: ಪಕ್ಕಪಕ್ಕದಲ್ಲೇ ಇರುವ ಹಲವು ಲೋಕಗಳು, ಒಂದೊಂದರಲ್ಲೂ ಅದೇ ಹೀರೋನ ಬೇರೆ ಬೇರೆ ರೂಪ. ಅಷ್ಟಕ್ಕೇ ಪತ್ರಗಳ ರಾಶಿ ಬಂತು. ಕೆಲವರು ಬೈದಿದ್ದಾರೆ, ಕೆಲವರು ಪಾಠ ಹೇಳಿದ್ದಾರೆ. ಸಂಪಾದಕರು ‘ಈ ಸಲ ಪೂರ್ತಿ ಇದೇ ಇರಲಿ’ ಎಂದರು.

ಹೊಸಬರಿಗೆ ನನ್ನ ಪರಿಚಯ ಇಷ್ಟೇ. ದಾವಣಗೆರೆಯಲ್ಲಿ 22 ವರ್ಷ ಬಾಡಿಗೆ ಪುಸ್ತಕದ ಅಂಗಡಿ ನಡೆಸಿದೆ. ಮುಂದಿನ ಕಪಾಟಿನಲ್ಲಿ ಕನ್ನಡ ಕಾದಂಬರಿ, ಪಕ್ಕದಲ್ಲಿ ಇಂದ್ರಜಾಲ ಕಾಮಿಕ್ಸ್. ಹಿಂದುಗಡೆ, ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಿಂದ ಕಟ್ಟು ಕಟ್ಟಾಗಿ ತಂದ ಅಮೆರಿಕದ ಹಳೇ ಕಾಮಿಕ್ಸ್. ಇಂಜಿನಿಯರಿಂಗ್ ಹಾಸ್ಟೆಲ್ ಹುಡುಗರು ಬರುತ್ತಿದ್ದುದೇ ಆ ಹಿಂದಿನ ಕಪಾಟಿಗೆ.

ನನ್ನ ಮಗ ಊಟಕ್ಕೆ ಕೂತರೂ ಮಲ್ಟಿವರ್ಸ್, ಮಲ್ಟಿವರ್ಸ್ ಅಂತಾನೆ. ಒಬ್ಬನೇ ಹೀರೋ ಮೂರು ಜನ ಹೇಗಾಗ್ತಾನೆ ಮೇಡಂ? ಇದನ್ನು ಶುರುಮಾಡಿದವರು ಯಾರು?
— ಹೈಸ್ಕೂಲ್ ಟೀಚರ್, ಹಾಸನ

ಟೀಚರ್, ಇದಕ್ಕೆ 60 ವರ್ಷಕ್ಕೂ ಜಾಸ್ತಿ ವಯಸ್ಸಾಗಿದೆ. ವಂಡರ್ ವುಮನ್‌ಗೆ 1953ರಲ್ಲೇ ಬೇರೆ ಲೋಕದಲ್ಲಿ ಒಬ್ಬಳು ಜೋಡಿ ಸಿಕ್ಕಿದ್ದಳು. ಆದರೆ ಆ ಕಥೆ ಅಲ್ಲಿಗೇ ನಿಂತಿತು. ಬೇರು ಬಿಟ್ಟದ್ದು 1961ರ ಸೆಪ್ಟೆಂಬರ್ ತಾರೀಖು ಹೊತ್ತ, ಮಿಂಚಿನ ವೇಗದಲ್ಲಿ ಓಡುವ ಹೀರೋ ‘ದಿ ಫ್ಲ್ಯಾಶ್’ನ 123ನೇ ಸಂಚಿಕೆ. ಕಥೆ ಗಾರ್ಡ್ನರ್ ಫಾಕ್ಸ್, ಚಿತ್ರ ಕಾರ್ಮೈನ್ ಇನ್ಫಾಂಟಿನೋ, ಸಂಪಾದಕ ಜೂಲಿಯಸ್ ಶ್ವಾರ್ಟ್ಜ್.

ಆ ಮುಖಪುಟವನ್ನು ನಾನು ಎಷ್ಟು ಸಲ ನೋಡಿದ್ದೇನೋ. ನಡುವೆ ಒಂದು ಗೋಡೆ. ಒಬ್ಬ ಮನುಷ್ಯನ ಮೇಲೆ ಕಬ್ಬಿಣದ ತೊಲೆ ಬೀಳ್ತಾ ಇದೆ. ಗೋಡೆಯ ಒಂದು ಕಡೆಯಿಂದ ಒಬ್ಬ ಫ್ಲ್ಯಾಶ್, ಇನ್ನೊಂದು ಕಡೆಯಿಂದ ಇನ್ನೊಬ್ಬ ಫ್ಲ್ಯಾಶ್, ಇಬ್ಬರೂ ಓಡಿ ಬರ್ತಾ ಇದ್ದಾರೆ. ಒಬ್ಬರಿಗೊಬ್ಬರು ಕಾಣುವುದಿಲ್ಲ.

ಒಳಗೆ ಏನಾಗುತ್ತೆ ಅಂದರೆ, ಬ್ಯಾರಿ ಅಲೆನ್ ಎಂಬ ಹೊಸ ಫ್ಲ್ಯಾಶ್ ಅನಾಥ ಮಕ್ಕಳ ಮುಂದೆ ಆಟ ತೋರಿಸುತ್ತಿರುತ್ತಾನೆ. ಯಾವ ಆಟ ಗೊತ್ತಾ? ನಮ್ಮ ಹಗ್ಗದ ಇಂದ್ರಜಾಲ! ಹಗ್ಗದ ತುದಿಯಲ್ಲಿ ಮೈಯನ್ನು ಜೋರಾಗಿ ಕಂಪಿಸಿ ಮಾಯವಾಗುತ್ತಾನೆ. ಕಣ್ಣು ಬಿಟ್ಟರೆ ಬೇರೊಂದು ಲೋಕದ ಊರು, ಕೀಸ್ಟೋನ್ ಸಿಟಿ. ಅಲ್ಲಿ ಜೇ ಗ್ಯಾರಿಕ್ ಇದ್ದಾನೆ. 1940ರ ಕಾಮಿಕ್ಸ್‌ನ ಹಳೇ ಫ್ಲ್ಯಾಶ್. ಬ್ಯಾರಿ ಅವನ ಕಥೆಗಳನ್ನು ಪುಸ್ತಕದಲ್ಲಿ ಓದಿ ಬೆಳೆದವನು! ಹಾಗಾದರೆ ಪುಸ್ತಕದ ಮನುಷ್ಯ ನಿಜವಾಗಿ ಇರೋದು ಹೇಗೆ? ಗಾರ್ಡ್ನರ್ ಫಾಕ್ಸ್ ಎಂಬ ಬರಹಗಾರ ಮಲಗಿದಾಗ ಅವನ ಮನಸ್ಸು ಜೇಯ ಲೋಕಕ್ಕೆ ಟ್ಯೂನ್ ಆಗಿ, ಅಲ್ಲಿ ಕಂಡದ್ದೇ ಕಥೆಯಾಗುತ್ತಿತ್ತಂತೆ. ತನ್ನ ಕಥೆಯಲ್ಲಿ ತನ್ನನ್ನೇ ರೇಡಿಯೋ ಮಾಡಿಕೊಂಡ ಪುಣ್ಯಾತ್ಮ.

ನನಗೆ ಇಷ್ಟವಾಗೋದು ಆಮೇಲಿನದು. ಬ್ಯಾರಿ ಹೋಗಿ ಜೇ ಮನೆಯ ಬಾಗಿಲು ತಟ್ಟುತ್ತಾನೆ. ಜೇಗೆ ವಯಸ್ಸಾಗಿದೆ, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಓಡೋದು ಬಿಟ್ಟಿದ್ದಾನೆ. ಮನೆಯಲ್ಲಿ ಹೆಂಡತಿ ಜೋನ್ ಇದ್ದಾಳೆ. ಅಂದರೆ ಬ್ಯಾರಿ ಹೋದದ್ದು ‘ಇನ್ನೊಂದು ಲೋಕ’ಕ್ಕಲ್ಲ, ಒಂದು ಸಂಸಾರದ ಮನೆಗೆ. ಅದಕ್ಕೇ ಕಥೆ ನಿಂತಿತು ಅಂತ ನನ್ನ ಲೆಕ್ಕ.

ಒಂದು ತಮಾಷೆ. 1963ರಲ್ಲಿ ಲೋಕಗಳಿಗೆ ನಂಬರ್ ಕೊಟ್ಟಾಗ ಬ್ಯಾರಿಯದು ಭೂಮಿ-1 ಆಯಿತು, ಜೇಯದು ಭೂಮಿ-2. ಮೊದಲು ಹುಟ್ಟಿದವನಿಗೆ ಎರಡನೇ ನಂಬರ್. ಪೆನ್ನು ಯಾರ ಕೈಯಲ್ಲಿದೆಯೋ ಅವರೇ ಒಂದನೇ ನಂಬರ್ ಅಲ್ವಾ.

ವಿಜ್ಞಾನದಲ್ಲಿ ಇದಕ್ಕೆ ಜಾಗ ಇದೆಯೇ? ಎವೆರೆಟ್ ಸಿದ್ಧಾಂತದ ಪ್ರಕಾರ ಫ್ಲ್ಯಾಶ್ ಹೋಗಿಬರೋದು ಸಾಧ್ಯವೇ?
— ಬಿಎಸ್ಸಿ ಎರಡನೇ ವರ್ಷ, ಧಾರವಾಡ

ಇಲ್ಲಪ್ಪ. ಭೌತವಿಜ್ಞಾನಿ ಹ್ಯೂ ಎವೆರೆಟ್ 1957ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಹೇಳಿದ ಲೆಕ್ಕದಲ್ಲಿ, ಒಂದು ಕಣ ಹೀಗೂ ಆಗಬಹುದು ಹಾಗೂ ಆಗಬಹುದು ಎಂಬಲ್ಲಿ ಎರಡೂ ಆಗುತ್ತವೆ. ನೋಡುವವನೂ ಎರಡಾಗುತ್ತಾನೆ. ಆದರೆ ಕವಲೊಡೆದ ಮೇಲೆ ಈ ಕವಲಿನವನು ಆ ಕವಲಿನವನಿಗೆ ಕಾಗದ ಬರೆಯಲೂ ಆಗೋದಿಲ್ಲ. ಕಥೆಗೆ ಅದು ಪ್ರಯೋಜನವಿಲ್ಲ. ಬಾಗಿಲೇ ಇಲ್ಲದ ಮನೆ.

ಫಾಕ್ಸ್ ಹೇಳಿದ್ದು ಬೇರೆ. ಎರಡು ಭೂಮಿಗಳೂ ಒಂದೇ ಜಾಗದಲ್ಲಿವೆ, ಕಂಪನ ಬೇರೆ ಅಷ್ಟೆ. ಇದು ಭೌತಶಾಸ್ತ್ರವಲ್ಲ, ರೇಡಿಯೋ. ನಿಮ್ಮ ರೂಮಿನಲ್ಲಿ ಈಗಲೇ ಧಾರವಾಡ ಆಕಾಶವಾಣಿಯೂ ಇದೆ, ಇನ್ನೂ ಹತ್ತು ಸ್ಟೇಷನ್ನೂ ಇವೆ. ಮುಳ್ಳು ತಿರುಗಿಸಿದರೆ ಒಂದು ಹೋಗಿ ಇನ್ನೊಂದು. 1961ರ ಹುಡುಗನಿಗೆ ಇದು ತಕ್ಷಣ ಅರ್ಥವಾಗಿರಬೇಕು. ಮೈಯನ್ನು ಸರಿಯಾಗಿ ಕಂಪಿಸಬಲ್ಲವನು ಮಾತ್ರ ದಾಟಬಹುದು, ಅಂಥವರು ಕೆಲವರೇ. ವಿಜ್ಞಾನವಾಗಿ ಸೊನ್ನೆ ಮಾರ್ಕು ಕೊಡಿ, ಬೇಜಾರಿಲ್ಲ. ನಿಯಮವಾಗಿ ಬಂಗಾರ. ಯಾರು ದಾಟಬಹುದು, ಹೇಗೆ ದಾಟಬಹುದು ಅಂತ ಎರಡು ಸಾಲಿನಲ್ಲಿ ಮುಗಿಯಿತು. ಈಗಿನ ಕಥೆಗಳಲ್ಲಿ ಗಾಳಿಯಲ್ಲಿ ಬೆರಳಾಡಿಸಿದರೆ ಬಾಗಿಲು ತೆರೆಯುತ್ತೆ, ಹಿಂದೆಯೇ ಇಡೀ ಓಣಿ ನುಗ್ಗುತ್ತೆ.

ಎಷ್ಟು ಲೋಕ ಇದ್ದರೆ ಸಾಕು? ನೀವು ‘ಕಡಿಮೆ ಇರಲಿ’ ಅಂದಿದ್ದು ಹಳೇ ಕಾಲದವರ ಮಾತು ಅನ್ನಿಸಿತು. ಕ್ಷಮಿಸಿ.
— ಐಟಿ ಉದ್ಯೋಗಿ, ಬೆಂಗಳೂರು

ಕ್ಷಮಿಸಿದೆ. ಹಳೇ ಕಾಲದವಳೇ ನಾನು.

ನನ್ನ ಅಂಗಡಿಯಲ್ಲಿ ಹುಡುಗರು ಒಂದು ಪರೀಕ್ಷೆ ಇಟ್ಟುಕೊಂಡಿದ್ದರು. ಒಂದು ಲೋಕವನ್ನು ಒಂದೇ ಉಸಿರಿನಲ್ಲಿ ಹೇಳಬೇಕು. ಭೂಮಿ-3: ನಮ್ಮಲ್ಲಿ ಹೀರೋಗಳಾಗಿರುವವರೇ ಅಲ್ಲಿ ಕಳ್ಳರು. ಭೂಮಿ-ಎಕ್ಸ್: ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಸೋಲಲಿಲ್ಲ. ಭೂಮಿ-ಎಸ್: ‘ಶಜಾಮ್’ ಅಂತ ಕೂಗಿ ಹೀರೋ ಆಗುವ ಹುಡುಗನ ಊರು. ಹೇಳಿದ ಕೂಡಲೇ ಚಿತ್ರ ಬರುತ್ತೆ. ಭೂಮಿ-3ರ ಮೊದಲ ಕಥೆ 1964ರದು. ಅಲ್ಲಿ ಕೊಲಂಬಸ್ ಅಮೆರಿಕದಿಂದ ಹೊರಟು ಯುರೋಪನ್ನು ಕಂಡುಹಿಡಿಯುತ್ತಾನೆ! ಇತಿಹಾಸ ಅಷ್ಟು ತಿರುಗುಮುರುಗಾದರೆ ಅದೇ ಜನ ಅದೇ ಹೆಸರಲ್ಲಿ ಹೇಗೆ ಹುಟ್ಟಿದರು ಅಂತ ಕೇಳಬಾರದು. ನಾನು ಕೇಳಿದ್ದೆ. ಹುಡುಗರು ‘ಆಂಟಿ, ಸುಮ್ನಿರಿ’ ಎಂದರು.

ಹಾಗಾಗಿ ಸಂಖ್ಯೆ ನನ್ನ ದೂರಲ್ಲ. ಈ ಕಥೆಗಳ ಪ್ರಕಾಶಕರಾದ ಡಿಸಿಯವರು 1985ರಲ್ಲಿ ಎಲ್ಲ ಲೋಕಗಳನ್ನೂ ಅಳಿಸಿ ಒಂದೇ ಮಾಡಿದರು. ಓದುಗರಿಗೆ ಗೊಂದಲ ಅಂತ ಕಾರಣ ಕೊಟ್ಟರು. ಮತ್ತೆ 2007ರಲ್ಲಿ ಲೆಕ್ಕ ಹಾಕಿ 52 ಮಾಡಿದರು. ಆ 52ರಲ್ಲಿ ಎಷ್ಟನ್ನು ನೀವು ಒಂದು ಉಸಿರಿನಲ್ಲಿ ಹೇಳಬಲ್ಲಿರಿ? ನನಗೆ ಎಂಟೋ ಒಂಬತ್ತೋ. ಉಳಿದವು ಬೀಗ ಹಾಕಿದ ಕೋಣೆಗಳು. ಲಾಡ್ಜ್ ಕಟ್ಟಿ ಊರು ಕಟ್ಟಿದೆವು ಅಂದಂಗಾಯ್ತು.

ಊರು ಅಂದರೆ ಯಾವುದು ಹೇಳಲೇ? ಹಳೇ ಭೂಮಿ-2. ಅಲ್ಲಿ ಕಾಲ ನಡೆಯುತ್ತಿತ್ತು. ಅಲ್ಲಿನ ಬ್ಯಾಟ್‌ಮನ್ ಸೆಲೀನಾಳನ್ನು, ಅಂದರೆ ಕ್ಯಾಟ್‌ವುಮನ್‌ಳನ್ನು ಮದುವೆಯಾದ. ಹೆಲೆನಾ ಅಂತ ಮಗಳು. 1977ರಲ್ಲಿ ಆ ಮಗಳು ಹಂಟ್ರೆಸ್ ಎಂಬ ಹೀರೋ ಆಗಿ ಬಂದಳು. 1979ರಲ್ಲಿ ಆ ಬ್ಯಾಟ್‌ಮನ್ ಸತ್ತ. ಸತ್ತವನು ಸತ್ತೇ ಇದ್ದ. ಭೂಮಿ-1ರ ಬ್ಯಾಟ್‌ಮನ್‌ಗೆ ಇದ್ಯಾವುದೂ ಆಗುವ ಹಾಗಿರಲಿಲ್ಲ, ಅವನು ಪ್ರತಿ ತಿಂಗಳು ಮಾರಾಟವಾಗಬೇಕಿತ್ತಲ್ಲ. ಮದುವೆ, ಮಗಳು, ಮುಪ್ಪು, ಸಾವು, ಇದೆಲ್ಲ ಪಕ್ಕದ ಲೋಕದವನ ಪಾಲಿಗೆ ಬಂತು. ಪಕ್ಕದ ಲೋಕ ಇರಬೇಕಾದ್ದು ಇದಕ್ಕೆ.

ಆಮೇಲೆ 1985ರಲ್ಲಿ ಆ ಊರನ್ನೇ ಅಳಿಸಿದರು. ಹೆಲೆನಾ ಮಾತ್ರ ಕೆಲವು ಪುಟ ಉಳಿದಳು. ಅಪ್ಪ ಇದ್ದ ಗುರುತಿಲ್ಲ, ತಾನು ಹುಟ್ಟಿದ ಮನೆಯಿಲ್ಲ. ಕೊನೆಯ ಸಂಚಿಕೆಯಲ್ಲಿ ಅವಳನ್ನೂ ಸಾಯಿಸಿದರು. ಗೊಂದಲ ಕಡಿಮೆಯಾಯಿತು ಅನ್ನಿ.

ಒಬ್ಬ ಸತ್ತರೆ ಇನ್ನೊಂದು ಲೋಕದಿಂದ ಅವನದೇ ಜೋಡಿಯನ್ನು ಕರೆತರುತ್ತಾರೆ. ಹಾಗಾದರೆ ಸಾವಿಗೆ ಬೆಲೆ ಏನು? ಅಳಬೇಕೋ ಬೇಡವೋ ತಿಳಿಯೋದಿಲ್ಲ.
— ಮೆಡಿಕಲ್ ಶಾಪ್ ಮಾಲೀಕರು, ಗದಗ

ಸಾರ್, ನಿಮ್ಮ ಪ್ರಶ್ನೆಗೆ ಅಂಗಡಿಯ ಕಥೆಯೊಂದನ್ನು ಹೇಳಬೇಕು.

‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್’ ಅಂತ 12 ಸಂಚಿಕೆಯ ಕಥೆ. ಲೋಕಗಳನ್ನೆಲ್ಲ ಅಳಿಸಿದರು ಅಂದೆನಲ್ಲ, ಅದೇ. ಬರೆದವರು ಮಾರ್ವ್ ವುಲ್ಫ್‌ಮನ್, ಚಿತ್ರ ಜಾರ್ಜ್ ಪೆರೆಜ್. ನನಗೆ ಫುಟ್‌ಪಾತಿನಲ್ಲಿ ಸಿಕ್ಕ ಕಟ್ಟಿನಲ್ಲಿ ಮೊದಲ 7 ಸಂಚಿಕೆ ಮಾತ್ರ ಇದ್ದವು. ಏಳನೆಯದರಲ್ಲಿ ಸೂಪರ್‌ಗರ್ಲ್ ಸಾಯುತ್ತಾಳೆ. ಮುಖಪುಟದಲ್ಲಿ ಅವಳನ್ನು ಎತ್ತಿಕೊಂಡು ಸೂಪರ್‌ಮ್ಯಾನ್ ಅಳುತ್ತಿದ್ದಾನೆ. ಆ ರಟ್ಟು ಹುಡುಗರ ಕೈಯಲ್ಲಿ ಸವೆದು ಸವೆದು, ಮೂರು ಸಲ ಗಮ್ ಟೇಪು ಹಾಕಿದೆ.

ಎಂಟನೆಯದರಲ್ಲಿ ಬ್ಯಾರಿ ಅಲೆನ್ ಸಾಯುತ್ತಾನೆ. ನಮಗೆ ಅದು ಗೊತ್ತೇ ಇರಲಿಲ್ಲ! ಆಮೇಲೆ ಬಂದ ಬಿಡಿ ಸಂಚಿಕೆಗಳಲ್ಲಿ ವಾಲಿ ವೆಸ್ಟ್ ಎಂಬ ಹುಡುಗ ಫ್ಲ್ಯಾಶ್ ಬಟ್ಟೆ ಹಾಕಿಕೊಂಡು ಓಡುತ್ತಿದ್ದ. ಹಾಸ್ಟೆಲಿನ ಒಬ್ಬ ‘ಬ್ಯಾರಿ ರಜೆ ಹಾಕಿರಬೇಕು’ ಎಂದ. ಎಲ್ಲರೂ ಒಪ್ಪಿದರು. ಏಳೆಂಟು ವರ್ಷ ನನ್ನ ಅಂಗಡಿಯೊಳಗೆ ಬ್ಯಾರಿ ರಜೆಯಲ್ಲೇ ಇದ್ದ. ಆಮೇಲೊಂದು ಭಾನುವಾರ ಅದೇ ಫುಟ್‌ಪಾತಿನಲ್ಲಿ ಎಂಟನೆಯದು ಸಿಕ್ಕಿತು. ನಿಂತಲ್ಲೇ ಓದಿದೆ. ಯಾವ ಗೆಳೆಯನೂ ಹತ್ತಿರವಿಲ್ಲ. ಒಬ್ಬನೇ ಓಡಿ ಓಡಿ, ಲೋಕಗಳನ್ನು ಅಳಿಸಲು ಕಟ್ಟಿದ್ದ ದೊಡ್ಡ ಯಂತ್ರವನ್ನು ಒಡೆದು, ಮೈ ಒಣಗಿ ಬರೀ ಬಟ್ಟೆ ಉಳಿಯುತ್ತೆ. ಬಸ್ಸಿನಲ್ಲಿ ವಾಪಸ್ ಬರುವಾಗ, ಇದನ್ನು ಕಪಾಟಿನಲ್ಲಿ ಇಡಲೋ ಬೇಡವೋ ಅಂತ ಯೋಚನೆ. ಆ ಹೊತ್ತಿಗೆ ಹಳೇ ಹುಡುಗರೆಲ್ಲ ಕೆಲಸ ಹಿಡಿದು ಊರು ಬಿಟ್ಟಿದ್ದರು. ರಜೆ ಅಂದಿದ್ದ ಹುಡುಗ ಒಮ್ಮೆ ಮದುವೆ ಕಾರ್ಡು ಕೊಡಲು ಬಂದ. ತೋರಿಸಿದೆ. ನಿಂತು ಓದಿ, ಮಡಚಿ, ‘ಇದು ಬಾಡಿಗೆಗೆ ಕೊಡಬೇಡಿ ಆಂಟಿ’ ಅಂದ.

ಬ್ಯಾರಿ 2008ರಲ್ಲಿ ವಾಪಸ್ ಬಂದ. 23 ವರ್ಷ ಆದಮೇಲೆ. ಅಷ್ಟು ವರ್ಷ ಕಾಯಿಸಿದ್ದಕ್ಕೆ ಆ ಸಾವಿಗೆ ಮರ್ಯಾದೆ ಇತ್ತು. ಸತ್ತವನ ಜಾಗಕ್ಕೆ ಮುಂದಿನ ತಿಂಗಳೇ ಪಕ್ಕದ ಲೋಕದ ಬ್ಯಾರಿಯನ್ನು ತಂದು ಕೂರಿಸಿದ್ದರೆ? ಆ ಲೋಕ ಗುಜರಿ ಅಂಗಡಿ ಆಗುತ್ತಿತ್ತು. ಕೆಟ್ಟ ಪಾರ್ಟು ಬಿಚ್ಚು, ಅಲ್ಲಿಂದ ಒಂದು ತಂದು ಹಾಕು.

ಇದನ್ನು ಸರಿಯಾಗಿ ಮಾಡಿದ ಕಥೆ ಡಿಸಿಯ ಎದುರಾಳಿ ಕಂಪನಿ ಮಾರ್ವೆಲ್‌ನವರದು, ಜಾನ್ ಬೈರ್ನ್ ಬರೆದದ್ದು. ಥಿಂಗ್ ಗೊತ್ತಲ್ಲ, ಮೈಯೆಲ್ಲ ಕಲ್ಲಾದ ಬೆನ್ ಗ್ರಿಮ್. ಅವನ ಗೆಳೆಯ ರೀಡ್ ಒಂದು ಔಷಧ ಮಾಡುತ್ತಾನೆ. ಆದರೆ ಅದು ಬೆನ್‌ನ ಹಳೇ ಮೈಗೆ, ಆಗಷ್ಟೇ ಕಲ್ಲಾಗಿದ್ದ ಮೈಗೆ ಮಾತ್ರ ಹತ್ತುತ್ತೆ. ಬೆನ್ ಹಿಂದಿನ ಕಾಲಕ್ಕೆ ಹೋಗಿ, ತನ್ನ ಜೊತೆ ತಾನೇ ಹೊಡೆದಾಡಿ, ಆ ಹಳೇ ಬೆನ್‌ಗೆ ಔಷಧ ಕೊಟ್ಟು ಮನುಷ್ಯನನ್ನಾಗಿ ಮಾಡುತ್ತಾನೆ. ಕುಣಿಯುತ್ತಾ ವಾಪಸ್ ಬಂದರೆ ತಾನು ಇನ್ನೂ ಕಲ್ಲೇ! ವಾಸಿಯಾದದ್ದು ನೀನಲ್ಲ, ಅಲ್ಲಿಂದ ಬೇರೆ ಲೋಕವೇ ಕವಲೊಡೆಯಿತು ಅಂತ ರೀಡ್ ಹೇಳುತ್ತಾನೆ. ಇದು 1979ರ ‘ಮಾರ್ವೆಲ್ ಟೂ-ಇನ್-ಒನ್’ 50ನೇ ಸಂಚಿಕೆ. ಅಲ್ಲಿಗೆ ಬಿಟ್ಟಿದ್ದರೂ ಒಳ್ಳೇ ಕಥೆಯೇ. ಬೈರ್ನ್ ಬಿಡಲಿಲ್ಲ. 1983ರಲ್ಲಿ, 100ನೇ ಸಂಚಿಕೆಯಲ್ಲಿ, ಬೆನ್ ಆ ಲೋಕ ಹೇಗಿದೆ ನೋಡೋಣ ಅಂತ ಹೋಗುತ್ತಾನೆ. ಅಲ್ಲಿ ಥಿಂಗ್ ಇಲ್ಲ. ಲೋಕಗಳನ್ನೇ ನುಂಗುವ ಗ್ಯಾಲಾಕ್ಟಸ್ ಬಂದುಹೋಗಿದ್ದಾನೆ. ನ್ಯೂಯಾರ್ಕ್ ಹಾಳುಬಿದ್ದಿದೆ. ವಾಸಿಯಾದ ಬೆನ್ ಅದೇ ಹಾಳಿನಲ್ಲಿ ಒಂದು ಬಾರ್ ಇಟ್ಟುಕೊಂಡಿದ್ದಾನೆ.

ಒಳ್ಳೇದು ಮಾಡಿಬಂದೆ ಅಂದುಕೊಂಡವನು ನಾಲ್ಕು ವರ್ಷ ಆದಮೇಲೆ ಬಿಲ್ ನೋಡುತ್ತಾನೆ. ನೀವೂ ಅಂಗಡಿಯವರು, ನಿಮಗೆ ಜಾಸ್ತಿ ವಿವರಿಸಬೇಕಾಗಿಲ್ಲ.

ಬೇರೆ ಲೋಕದ ನಿಮ್ಮನ್ನೇ ನೀವು ಭೇಟಿಯಾದರೆ ಏನು ಕೇಳುತ್ತೀರಿ?
— ಗೃಹಿಣಿ, ತಿಪಟೂರು

1991ರಲ್ಲಿ ಒಬ್ಬರು ಒಯ್ದ 14 ಪುಸ್ತಕ ಅವಳಿಗಾದರೂ ವಾಪಸ್ ಬಂತಾ ಅಂತ.

ಬ್ರಹ್ಮಾಂಡಗಳು ಅನೇಕ ಅಂತ ನಮ್ಮ ಹಿರಿಯರು ಎಂದೋ ಹೇಳಿದ್ದಾರೆ. ಅಮೆರಿಕದವರನ್ನು ಏಕೆ ಹೊಗಳುತ್ತೀರಿ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಹೊಗಳಿದ್ದಕ್ಕಿಂತ ಬೈದದ್ದೇ ಜಾಸ್ತಿ ರಾಯರೇ. ನಮ್ಮಲ್ಲಿ ಇತ್ತು, ನಿಜ. ಆದರೆ ‘ಇತ್ತು’ ಅಂತ ಹೇಳಿ ಮುಗಿಸಿಬಿಟ್ಟರೆ ಅದರಲ್ಲಿ ಏನಿತ್ತು ಅಂತ ಯಾರೂ ನೋಡೋದಿಲ್ಲ.

ಯೋಗವಾಸಿಷ್ಠದ ಲೀಲೆಯ ಕಥೆ ತೆಗೆದುಕೊಳ್ಳಿ. ಗಂಡ ಪದ್ಮರಾಜ ಸತ್ತಿದ್ದಾನೆ. ಅವನ ಜೀವ ಇದೇ ಕೋಣೆಯಲ್ಲಿ, ಇನ್ನೊಂದು ಲೋಕದಲ್ಲಿ ರಾಜನಾಗಿ ಆಳುತ್ತಿದೆ. ಸರಸ್ವತಿ ಅವಳಿಗೆ ಇನ್ನೂ ಒಂದು ಲೋಕ ತೋರಿಸುತ್ತಾಳೆ. ಅಲ್ಲಿ ಒಬ್ಬ ಬ್ರಾಹ್ಮಣ ಮತ್ತು ಅವನ ಹೆಂಡತಿ ಸತ್ತು ಎಂಟೇ ದಿನವಾಗಿದೆ. ಆ ದಂಪತಿಯೇ ಈ ರಾಜ, ಈ ರಾಣಿ. ಇಲ್ಲಿ ಒಂದು ಬಾಳು ಕಳೆದಿದೆ, ಅಲ್ಲಿ ಎಂಟು ದಿನ. ಲೀಲೆ ಆ ಮನೆಗೆ ಹೋಗುತ್ತಾಳೆ. ಮನೆಯವರು ಇನ್ನೂ ದುಃಖದಲ್ಲಿದ್ದಾರೆ. ನೋಡಿ, ಇಲ್ಲಿಯೂ ಪಕ್ಕದ ಲೋಕ ಅಂದರೆ ಯಾರೋ ಅಳುತ್ತಿರುವ ಮನೆ.

ಇನ್ನೊಂದು ನನಗೆ ಬಹಳ ಇಷ್ಟ. ಅಧ್ಯಾತ್ಮ ರಾಮಾಯಣದಲ್ಲಿ ರಾಮ ಕಾಡಿಗೆ ಬರಬೇಡ ಎಂದಾಗ ಸೀತೆ ವಾದ ಮಾಡುತ್ತಾಳೆ. ಎಷ್ಟೋ ರಾಮಾಯಣಗಳನ್ನು ಕೇಳಿದ್ದೀವಲ್ಲ, ಯಾವುದರಲ್ಲಾದರೂ ಸೀತೆ ಕಾಡಿಗೆ ಹೋಗದೇ ಇದ್ದಾಳಾ ಅಂತ. ರಾಮನ ಹತ್ತಿರ ಉತ್ತರವಿಲ್ಲ. ನಮ್ಮ ಕನ್ನಡದ ಜನಪದ ರಾಮಾಯಣದಲ್ಲಿ ರಾವಣನೇ ಮಾವಿನಹಣ್ಣು ತಿಂದು ಬಸುರಾಗಿ, ಸೀನಿದಾಗ ಹುಟ್ಟಿದವಳು ಸೀತೆ. ಅಲ್ಲಿ ಅವಳು ರಾವಣನ ಮಗಳು. ಒಂದೇ ಒಂದು ವಿಷಯ ಬದಲಾಯಿಸಿದರು. ಲಂಕೆಗೆ ಹೊತ್ತೊಯ್ಯುವ ದೃಶ್ಯದ ಅರ್ಥವೇ ತಿರುಗಿಬಿತ್ತು.

ಮುಂಬೈ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರ್ ಬಗ್ಗೆ ನಿಮ್ಮ ಅಭಿಪ್ರಾಯ? ಪಂಚೆ ಉಟ್ಟ ಮಾತ್ರಕ್ಕೆ ನಮ್ಮವನಾದನೇ?
— ಡ್ರಾಯಿಂಗ್ ಮೇಷ್ಟ್ರು, ಕಲಬುರಗಿ

2004ರಲ್ಲಿ ಬಂದ ನಾಲ್ಕು ಸಂಚಿಕೆ ಅದು. ಮೊದಲ ಪುಟಗಳಲ್ಲಿ ನನಗೆ ನಗು ಬಂತು. ಮೂಲ ಸ್ಪೈಡರ್‌ಮ್ಯಾನ್ ಪೀಟರ್ ಪಾರ್ಕರ್‌ಗೆ ಪವಿತ್ರ್ ಪ್ರಭಾಕರ್, ಮೇರಿ ಜೇನ್‌ಗೆ ಮೀರಾ ಜೈನ್, ಅಂಕಲ್ ಬೆನ್‌ಗೆ ಭೀಮ್, ಆಂಟ್ ಮೇಗೆ ಮಾಯಾ. ಶಾಲೆಯ ನಾಟಕಕ್ಕೆ ಹೆಸರು ಬದಲಿಸಿಕೊಂಡ ಹಾಗೆ. ಆದರೆ ಅಲ್ಲಿ ಶಕ್ತಿ ಬರುವುದು ಜೇಡ ಕಚ್ಚಿದ್ದರಿಂದಲ್ಲ, ಒಬ್ಬ ಯೋಗಿಯಿಂದ. ಹುಡುಗ ಹಳ್ಳಿಯಿಂದ ಸ್ಕಾಲರ್‌ಶಿಪ್ಪಿನಲ್ಲಿ ಮುಂಬೈಗೆ ಬಂದವನು, ಅವನ ಬಟ್ಟೆ ನೋಡಿ ಜೊತೆಯವರು ನಗುತ್ತಾರೆ. ಅಂಥ ಹುಡುಗರು ನನ್ನ ಅಂಗಡಿಗೆ ಬರುತ್ತಿದ್ದರು. ಡಿಪಾಸಿಟ್ ಕೊಡಲು ದುಡ್ಡಿಲ್ಲದೆ ನಿಂತೇ ಓದುತ್ತಿದ್ದರು. ಆ ಹುಡುಗನ ಬಗ್ಗೆ ಇನ್ನೂ ಹತ್ತು ಪುಟ ಕೊಟ್ಟು, ರಾಕ್ಷಸನ ಹೊಡೆದಾಟ ಹತ್ತು ಪುಟ ಕಮ್ಮಿ ಮಾಡಿದ್ದರೆ ಪಂಚೆಯ ಮಾತೇ ಬರುತ್ತಿರಲಿಲ್ಲ ಮೇಷ್ಟ್ರೇ.

ಆಂಟಿ, ನಾನೇ ಒಂದು ಕಾಮಿಕ್ಸ್ ಬರೀತಿದ್ದೇನೆ. 40 ಲೋಕ ಇವೆ, ಎಲ್ಲದಕ್ಕೂ ಮ್ಯಾಪ್ ಮಾಡಿದ್ದೇನೆ. ಹೀರೋನ ತಂಗಿ ಮೊದಲ ಪುಟದಲ್ಲೇ ಸಾಯ್ತಾಳೆ. ಕೊನೆಗೆ ಅವನು 17ನೇ ಲೋಕದಿಂದ ಅವಳನ್ನು ಕರ್ಕೊಂಡು ಬರ್ತಾನೆ. ಚೆನ್ನಾಗಿದೆಯಾ?
— ಹತ್ತನೇ ತರಗತಿ, ಶಿರಸಿ

ನೀನು ಕಳಿಸಿದ ಆರು ಪುಟ ನೋಡಿದೆ ಮರಿ. ಅಡಿಕೆ ತೋಟದ ನಡುವೆ ಹಾರುವ ಚಿತ್ರ ಬಹಳ ಚೆನ್ನಾಗಿದೆ. ತಂಗಿಯ ರಿಬ್ಬನ್ ಮಾತ್ರ ಬಣ್ಣ ಹಾಕಿ ಉಳಿದದ್ದೆಲ್ಲ ಪೆನ್ಸಿಲ್‌ನಲ್ಲಿ ಬಿಟ್ಟಿದ್ದೀಯಲ್ಲ, ಅದನ್ನು ಯಾರು ಹೇಳಿದರೂ ಬದಲಾಯಿಸಬೇಡ.

ಈಗ ಕೇಳು. 17ನೇ ಲೋಕದಲ್ಲೂ ಆ ಹುಡುಗಿಗೆ ಒಬ್ಬಳು ಅಮ್ಮ ಇದ್ದಾಳೆ. ಒಬ್ಬ ಅಣ್ಣನೂ ಇರಬೇಕು, ನಿನ್ನ ಹೀರೋ ಥರದವನೇ. ಬೆಳಿಗ್ಗೆ ಅಮ್ಮ ಬಾಚಣಿಗೆ ಹಿಡಿದು ಜಡೆ ಹಾಕಲು ಕೂಗುತ್ತಾಳೆ. ಹುಡುಗಿ ಇಲ್ಲ. ಹಾಸಿಗೆ ಇದೆ, ರಿಬ್ಬನ್ ಇದೆ. ಆ ಪುಟ ಬರೆದಿದ್ದೀಯಾ? ಇಲ್ಲ ಅಂದರೆ ನಿನ್ನ ಹೀರೋ ಮಕ್ಕಳ ಕಳ್ಳ, ಅದು ಅವನಿಗೇ ಗೊತ್ತಿಲ್ಲ. ಬರೆದರೆ, ಅವನು ಬಾಗಿಲ ಹತ್ತಿರ ನಿಂತು ಆ ಮನೆಯನ್ನು ನೋಡಿದಾಗ ಏನು ಮಾಡುತ್ತಾನೆ ಅನ್ನೋದೇ ನಿನ್ನ ಕಥೆ. ಕರೆತಂದರೂ ಸರಿ, ಬಿಟ್ಟುಬಂದರೂ ಸರಿ. ನಾನು ಹೇಳೋದಿಲ್ಲ. ಅವನು ಆ ಮನೆಯಲ್ಲಿ ಒಂದು ಊಟ ಮಾಡಿರಬೇಕು, ಅಷ್ಟು ಮಾಡು.

ಬಾಗಿಲು ಸುಲಭವಾಗಿ ತೆರೆಯದಿರಲಿ. ನೀನು ಬರೆದ ಹಾಗೆ ವಾಚಿನ ಬಟನ್ ಒತ್ತಿದರೆ ಸಾಕು ಅಂದರೆ, ಅವನು ದಿನಾ ಹೋಗಿಬರಬಹುದಲ್ಲ, ಅಳೋದು ಯಾಕೆ? ವರ್ಷಕ್ಕೆ ಒಂದೇ ಸಲ ಅನ್ನು. ಅಥವಾ ಹೋದವನು ಒಂದು ನೆನಪು ಅಲ್ಲೇ ಬಿಟ್ಟು ಬರಬೇಕು ಅನ್ನು. ನಿನಗೆ ಇನ್ನೂ ಒಳ್ಳೇದು ಹೊಳೆಯುತ್ತೆ.

ಉಳಿದ 38 ಲೋಕಗಳ ಮ್ಯಾಪ್ ಇರುವ ನೋಟ್‌ಬುಕ್ ಎಸೆಯಬೇಡ. ಹಿಂದಿನ ಪುಟಗಳು ಖಾಲಿ ಇದ್ದರೆ ಅದರಲ್ಲೇ ಆ ಊಟದ ಚಿತ್ರ ಶುರುಮಾಡು. ತಟ್ಟೆಯಲ್ಲಿ ಏನಿತ್ತು ಅಂತ ನನಗೆ ಬರೆದು ಕಳಿಸು.